‘ಶಕ್ತಿ’ಯ ಪುನರ್ಮಿಲನ

ಪಂಚಾಕ್ಷರಿ ಗವಾಯಿಗಳು ಹುಟ್ಟಿದ ಹಾನಗಲ್ಲ ತಾಲೂಕಿನವನಾದ ನಾನು, ಜಾಝ್ ಎಂದರೆ ಬರಿಯ ಗದ್ದಲವೆಂದೇ ಬಗೆದಿದ್ದೆ. ಅದನ್ನು ತಿದ್ದಿದ್ದು ‘ಶಕ್ತಿ’ ವೃಂದ. ಜಾನ್ ಮೆಕ್‌ಲಾಫ್ಲಿನ್‌ರ ಗಿಟಾರು, ಎಲ್. ಶಂಕರರ ಪಿಟೀಲು, ಝಾಕೀರ್ ಹುಸೇನರ ತಬಲಾ, ವಿಕ್ಕು ವಿನಾಯಕರಾಮರ ಘಟ. 1975ರಲ್ಲಿ ಅಮೇರಿಕೆಯ ಕಾಲೇಜೊಂದರಲ್ಲಿ ಸಭಿಕರೆದುರು ನುಡಿಸಿದ್ದೇ ಅವರ ಮೊದಲ ಧ್ವನಿಮುದ್ರಿಕೆ.

2023ರ ‘ದಿಸ್ ಮೊಮೆಂಟ್’ ಹಾಗಲ್ಲ. ಶಂಕರ ಮಹಾದೇವನ್, ಗಣೇಶ ರಾಜಗೋಪಾಲನ್, ವಿನಾಯಕರಾಮರ ಮಗ ಸೆಲ್ವಗಣೇಶ್ ಕೂಡಿದ ಈ ಮುದ್ರಿಕೆಗೆ ಮರುವರ್ಷ ಗ್ರ್ಯಾಮಿ ದೊರೆಯಿತು. ಆದರೆ ಕಲಾವಿದರು ತಂತಮ್ಮ ಊರುಗಳಲ್ಲೇ ನುಡಿಸಿ ಕಳಿಸಿದ್ದನ್ನು ಜೋಡಿಸಿದ್ದಾರೆ. ನಾದವೇನೋ ನಿರ್ಮಲ, ಖಂಜಿರವನ್ನಂತೂ ಬೇರೆಯಾಗಿಯೇ ಕೇಳಬಹುದು. ನನಗೆ ಕೊರತೆಯೆನಿಸಿದ್ದು ಬೇರೊಂದು. ನಮ್ಮೂರ ಭಜನೆಯಲ್ಲಿ ತಬಲಾದವನು ಸಮಕ್ಕೆ ಬರುವ ಮುನ್ನ ಪೇಟಿಯವನತ್ತ ಕತ್ತೆತ್ತಿ ನೋಡುತ್ತಾನಲ್ಲ, ಆ ನೋಟ ಇಲ್ಲಿಲ್ಲ. ರಾಗದಲ್ಲಿ ಮನೋಧರ್ಮವೆನ್ನುವುದೂ ಜಾಝ್‌ನವರ ಆಶುವಾದನವೂ ಆ ನೋಟದಿಂದಲೇ ಬದುಕುತ್ತವೆ.

ಅದು ಕಚೇರಿಯಲ್ಲಿ ಮಾತ್ರ ಸಿಗುವಂಥದು. 2023ರ ಜನವರಿಯಲ್ಲಿ ಅವರು ಬೆಂಗಳೂರಿಗೆ ಬಂದಿದ್ದರು. ಶಿಗ್ಗಾವಿಯ ಗೆಳೆಯನು ರಾತ್ರಿ ಬಸ್ಸಿಗೆ ಕರೆದ. ಪರೀಕ್ಷೆಯೆಂದೆ, ಮುಂದಿನ ಸಲ ಎಂದೆ. 2024ರ ಡಿಸೆಂಬರಿನಲ್ಲಿ ಝಾಕೀರರು ತೀರಿಕೊಂಡರು.

1975ರ ಮುದ್ರಿಕೆ ನನ್ನ ಮೊಬೈಲಿನಲ್ಲಿದೆ. ಮಿತ್ರರು ಮಧ್ಯಾಹ್ನದ ಬಿಡುವಿನಲ್ಲಿ ಬಂದರೆ ಕೇಳಿಸುತ್ತೇನೆ.