ಬೆವರಿನ ಲೆಕ್ಕ: ನಂದಿ ಬೆಟ್ಟದಿಂದ ಶಿಡ್ಲಘಟ್ಟದವರೆಗೆ



ಥರ್ಮೋಡೈನಮಿಕ್ಸ್ ಪುಸ್ತಕ ತೆಗೆದ್ರೆ ಬರೀ ಬಾಯ್ಲರ್, ಟರ್ಬೈನ್, ಪಿಸ್ಟನ್. ಆ ಪುಸ್ತಕ ಓದ್ತಾ ಕೂತಿರೋ ನಮ್ಮ ಮೈಯೂ ಇಂಧನ ಸುಟ್ಟು ಕೆಲಸ ಮಾಡಿ ಶಾಖ ಹೊರಗೆ ಹಾಕುತ್ತೆ ಅನ್ನೋದು ಯಾವ ಯೂನಿಟ್‌ನಲ್ಲೂ ಇಲ್ಲ. ನಮ್ಮ ಕಾಲೇಜಿಗೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಬರೋರು ಸಾಕಷ್ಟು ಜನ ಇದ್ದಾರೆ. ಹಾಗಾಗಿ ಆ ಊರುಗಳನ್ನೇ ಇಟ್ಕೊಂಡು ಮೈಯ ಶಾಖದ ಲೆಕ್ಕ ಹಾಕೋಣ. ಕ್ಯಾಲ್ಕ್ಯುಲೇಟರ್ ಇದ್ರೆ ಸಾಕು.

ಮೊದಲು ಎರಡು ಪದ

ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡ ಮೀಡಿಯಂ ಗೆಳೆಯರ ಹತ್ರ ಇರೋ ಎರಡು ಪದ ನನಗೆ ತುಂಬಾ ಇಷ್ಟ: ಉಷ್ಣ ಮತ್ತು ತಾಪ. ಉಷ್ಣ ಅಂದ್ರೆ ಬಿಸಿಯಾಗಿರೋ ವಸ್ತುವಿನಿಂದ ತಣ್ಣಗಿರೋ ವಸ್ತುವಿಗೆ ಹರಿಯೋ ಶಕ್ತಿ. ಅದನ್ನು ಜೂಲ್‌ನಲ್ಲಿ ಅಳೀತೀವಿ. ತಾಪ ಅಂದ್ರೆ ಎಷ್ಟು ಬಿಸಿ ಇದೆ ಅನ್ನೋ ಅಳತೆ. ಅದು ಡಿಗ್ರಿ.

ಎರಡೂ ಬೇರೆ ಬೇರೆ ಅನ್ನೋದಕ್ಕೆ ಒಲೆ ಮೇಲಿನ ನೀರೇ ಸಾಕ್ಷಿ. ಕುದಿಯೋಕೆ ಶುರುವಾದ ಮೇಲೆ ಎಷ್ಟೇ ಉರಿ ಕೊಟ್ರೂ ನೀರಿನ ತಾಪ ಏರಲ್ಲ. ಕೊಟ್ಟ ಉಷ್ಣವೆಲ್ಲ ನೀರನ್ನು ಆವಿ ಮಾಡೋಕೇ ಖರ್ಚಾಗುತ್ತೆ. ಇದಕ್ಕೆ ಗುಪ್ತೋಷ್ಣ ಅಂತ ಹೆಸರು. ಎಷ್ಟು ಚೆಂದದ ಪದ ನೋಡಿ, ಥರ್ಮಾಮೀಟರ್ ಕಣ್ಣಿಗೆ ಕಾಣದ ಹಾಗೆ ಗುಪ್ತವಾಗಿರೋ ಉಷ್ಣ.

ಇನ್ನೊಂದು ವಿಷಯ. ನೀರು ಕುದಿಯೋದು 100 ಡಿಗ್ರಿಗೆ ಅನ್ನೋದು ಸಮುದ್ರ ಮಟ್ಟದ ಮಾತು. ಸುಮಾರು 300 ಮೀಟರ್ ಮೇಲೆ ಹೋದ ಹಾಗೆ ಕುದಿಯೋ ತಾಪ ಒಂದು ಡಿಗ್ರಿ ಇಳಿಯುತ್ತೆ, ಯಾಕಂದ್ರೆ ಗಾಳಿಯ ಒತ್ತಡ ಕಡಿಮೆ. ಚಿಕ್ಕಬಳ್ಳಾಪುರ ಇರೋದು 900 ಮೀಟರ್ ಆಸುಪಾಸಿನಲ್ಲಿ. ಅಲ್ಲಿ ಸುಮಾರು 97 ಡಿಗ್ರಿಗೇ ನೀರು ಕುದಿಯುತ್ತೆ. 1478 ಮೀಟರ್ ಎತ್ತರದ ನಂದಿ ಬೆಟ್ಟದ ತುದಿಯಲ್ಲಿ ಸುಮಾರು 95ಕ್ಕೆ.

ನಾವು ಎಷ್ಟು ವ್ಯಾಟ್?

ಈಗ ಮೈಗೆ ಬರೋಣ. ದಿನಕ್ಕೆ 2000 ಕಿಲೋಕ್ಯಾಲರಿ ಊಟ ಅಂದ್ಕೊಳ್ಳಿ. ಅದು ಸುಮಾರು 84 ಲಕ್ಷ ಜೂಲ್. ದಿನಕ್ಕೆ 86,400 ಸೆಕೆಂಡ್. ಭಾಗಿಸಿದ್ರೆ ಸುಮಾರು 97 ವ್ಯಾಟ್. ಅಂದ್ರೆ ನಾವೆಲ್ಲ ಒಂದೊಂದು 100 ವ್ಯಾಟಿನ ಹಳೇ ಬಲ್ಬ್ ಇದ್ದ ಹಾಗೆ. 60 ಜನ ಕೂತಿರೋ ಕ್ಲಾಸ್‌ರೂಮ್ ಅಂದ್ರೆ 6 ಕಿಲೋವ್ಯಾಟ್, ಮೂರು ಗೀಸರ್ ಆನ್ ಮಾಡಿಟ್ಟ ಹಾಗೆ. ಮಧ್ಯಾಹ್ನದ ಲೆಕ್ಚರ್‌ನಲ್ಲಿ ಯಾಕೆ ಅಷ್ಟು ಸೆಕೆ ಅಂತ ಈಗ ಗೊತ್ತಾಯ್ತಲ್ಲ!

ಸುಮ್ನೆ ಕೂತವರ ಕಥೆ ಇದು. ಕೆಲಸ ಮಾಡೋರದ್ದು ಏನು? ಚಿಂತಾಮಣಿಯ ಟೊಮ್ಯಾಟೊ ಮಾರ್ಕೆಟ್‌ನಲ್ಲಿ ಒಬ್ಬರು ಕ್ರೇಟ್ ತಲೆ ಮೇಲೆ ಹೊತ್ಕೊಂಡು ಸಮತಟ್ಟಾದ ನೆಲದಲ್ಲಿ ಲಾರಿವರೆಗೆ ನಡೀತಾರೆ ಅಂದ್ಕೊಳ್ಳಿ. ಬಲ ಮೇಲಕ್ಕೆ, ಚಲನೆ ಅಡ್ಡಕ್ಕೆ. ಫಿಸಿಕ್ಸ್ ಪ್ರಕಾರ ಕ್ರೇಟ್ ಹೊತ್ತಿದ್ದಕ್ಕೆ ಆದ ಕೆಲಸ ಸೊನ್ನೆ! ಹೊತ್ತವರ ಮುಂದೆ ಇದನ್ನು ಹೇಳೋಕೆ ಹೋಗ್ಬೇಡಿ. ಸ್ನಾಯು ಅನ್ನೋದು ಟೇಬಲ್ ಥರ ಅಲ್ಲ. ಭಾರ ಹಿಡಿದು ನಿಲ್ಲೋಕೂ ಅದರ ಎಳೆಗಳು ಒಂದೇ ಸಮನೆ ಬಿಗಿದು ಸಡಿಲಾಗ್ತಾ ಇರಬೇಕು. ಅದಕ್ಕೆ ಶಕ್ತಿ ಬೇಕು. ಆ ಶಕ್ತಿಯೆಲ್ಲ ಕೊನೆಗೆ ಉಷ್ಣವಾಗಿ ಮೈಯಲ್ಲೇ ಉಳಿಯುತ್ತೆ.

ನಂದಿ ಬೆಟ್ಟ ಹತ್ತಿದಾಗ

ಈಗ ನಿಜವಾಗ್ಲೂ ಮೇಲಕ್ಕೆ ಹೋಗೋಣ. 60 ಕೆಜಿ ತೂಕದವರು ಮೆಟ್ಟಿಲು ಹತ್ತಿ 500 ಮೀಟರ್ ಮೇಲೆ ಹೋಗ್ತಾರೆ ಅಂತ ಇಟ್ಕೊಳ್ಳಿ. ಎಂಜಿಎಚ್ ಹಾಕಿದ್ರೆ 60 × 9.8 × 500, ಅಂದ್ರೆ 294 ಕಿಲೋಜೂಲ್. ಬರೀ 70 ಕಿಲೋಕ್ಯಾಲರಿ.

ಆದ್ರೆ ಸ್ನಾಯುಗಳ ದಕ್ಷತೆ ಸುಮಾರು 20ರಿಂದ 25 ಶೇಕಡಾ ಅಷ್ಟೇ. 20 ಅಂತ ಹಿಡಿದ್ರೆ ಒಟ್ಟು ಖರ್ಚು 1470 ಕಿಲೋಜೂಲ್, ಅಂದ್ರೆ 350 ಕಿಲೋಕ್ಯಾಲರಿ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕಿಲೋಕ್ಯಾಲರಿ ಇರುತ್ತೆ. ಒಂದು ಒಳ್ಳೆ ಮುದ್ದೆ ಉಂಡ್ರೆ ಹೆಚ್ಚು ಕಡಿಮೆ ಬೆಟ್ಟದ ತುದಿ ಮುಟ್ಟಬಹುದು.

ಇಲ್ಲೊಂದು ಪ್ರಶ್ನೆ ಬರಬೇಕು: ಹಾಗಾದ್ರೆ ಮೈ ಒಂದು ಹೀಟ್ ಇಂಜಿನ್ನಾ? ಅಲ್ಲ. ಮೈ 310 ಕೆಲ್ವಿನ್, ಹೊರಗೆ 303 ಕೆಲ್ವಿನ್ ಅಂತ ಹಾಕಿ ಕಾರ್ನೋ ದಕ್ಷತೆ ತೆಗೆದ್ರೆ ಬರೋದು ಬರೀ 2.3 ಶೇಕಡಾ. ನಮ್ಮ ಸ್ನಾಯು ಅದರ ಹತ್ತರಷ್ಟು ಚೆನ್ನಾಗಿ ಕೆಲಸ ಮಾಡುತ್ತೆ. ಅದು ಊಟವನ್ನು ಮೊದಲು ಶಾಖ ಮಾಡಿ ಆಮೇಲೆ ಕೆಲಸ ಮಾಡಲ್ಲ, ರಾಸಾಯನಿಕ ಶಕ್ತಿಯನ್ನೇ ನೇರವಾಗಿ ಬಳಸುತ್ತೆ. ಶಾಖ ಅನ್ನೋದು ಬರೀ ಕಸ.

ಆ ಕಸ ಎಷ್ಟು? 1470ರಲ್ಲಿ 294 ಕಳೆದ್ರೆ ಸುಮಾರು 1180 ಕಿಲೋಜೂಲ್. ನಮ್ಮ ಮೈಯ ಒಂದು ಕೆಜಿಯನ್ನು ಒಂದು ಡಿಗ್ರಿ ಬಿಸಿ ಮಾಡೋಕೆ ಸುಮಾರು 3.5 ಕಿಲೋಜೂಲ್ ಬೇಕು. 60 ಕೆಜಿಗೆ 210. ಅಂದ್ರೆ ಈ ಶಾಖ ಹೊರಗೆ ಹೋಗದೇ ಇದ್ರೆ ಮೈಯ ತಾಪ 37ರಿಂದ 42 ದಾಟುತ್ತೆ. 40 ದಾಟಿದ್ರೇ ಪ್ರಾಣಕ್ಕೆ ಅಪಾಯ.

ನಮ್ಮನ್ನು ಕಾಪಾಡೋದು ಬೆವರು. ಚರ್ಮದ ಮೇಲಿಂದ ಒಂದು ಲೀಟರ್ ಬೆವರು ಆವಿಯಾದ್ರೆ ಸುಮಾರು 2400 ಕಿಲೋಜೂಲ್ ತಗೊಂಡು ಹೋಗುತ್ತೆ. ಬೆಟ್ಟದ ಗಾಳಿಗೆ ಹೋಗೋ ಶಾಖವನ್ನು ಬಿಟ್ಟು ಲೆಕ್ಕ ಹಾಕಿದ್ರೂ ಅರ್ಧ ಲೀಟರ್ ಬೆವರು ಸಾಕು.

ಮೈ ಉಷ್ಣ, ಮಜ್ಜಿಗೆ ತಂಪು

ಮನೆಯಲ್ಲಿ ಎಲ್ಲರೂ ಕೇಳಿರ್ತೀರ: ಮೈ ಉಷ್ಣ ಆಗಿದೆ, ಮಜ್ಜಿಗೆ ಕುಡಿ. ಇಂಥ ಮಾತನ್ನು ಸುಮ್ನೆ ಒಪ್ಪೋದೂ ಬೇಡ, ಸುಮ್ನೆ ನಗೋದೂ ಬೇಡ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರಾದ ಭೌತಶಾಸ್ತ್ರದ ಮೇಷ್ಟ್ರು ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿ, ಜೀವನವಿಡೀ ಕಲಿಸಿದ್ದು ಇದನ್ನೇ, ಪ್ರಶ್ನೆ ಕೇಳಿ ಪರೀಕ್ಷೆ ಮಾಡೋದನ್ನು.

10 ಡಿಗ್ರಿಯ 200 ಎಂಎಲ್ ಮಜ್ಜಿಗೆ ಹೊಟ್ಟೆ ಸೇರಿ 37 ಡಿಗ್ರಿಗೆ ಬರೋಕೆ ಮೈಯಿಂದ ಸುಮಾರು 23 ಕಿಲೋಜೂಲ್ ತಗೊಳ್ಳುತ್ತೆ. ಅದೇ 200 ಎಂಎಲ್ ನೀರು ಬೆವರಾಗಿ ಆವಿಯಾದ್ರೆ 480 ಕಿಲೋಜೂಲ್. ಇಪ್ಪತ್ತು ಪಟ್ಟು! ಅಂದ್ರೆ ಮಜ್ಜಿಗೆ ಫ್ರಿಡ್ಜ್‌ದೇ ಆಗಬೇಕಿಲ್ಲ. ಅದರ ನೀರು ಬೆವರಿಗೆ, ಅದಕ್ಕೆ ಹಾಕಿದ ಉಪ್ಪು ಬೆವರಲ್ಲಿ ಹೋದ ಉಪ್ಪಿನ ಜಾಗಕ್ಕೆ. ಅಜ್ಜಿ ಹೇಳಿದ ಕಾರಣ ಬೇರೆ ಇರಬಹುದು, ಕೊಟ್ಟ ಲೋಟ ಸರಿಯಾಗೇ ಇದೆ.

ಬೆವರು ಸೋಲೋ ಜಾಗ

ಮೇಲಿನ ಲೆಕ್ಕದಲ್ಲೆಲ್ಲ ಒಂದು ಷರತ್ತು ಇದೆ: ಬೆವರು ಆವಿಯಾಗಬೇಕು. ಸುಮ್ನೆ ತೊಟ್ಟಿಕ್ಕಿದ್ರೆ ಪ್ರಯೋಜನ ಇಲ್ಲ. ಆವಿಯಾಗುತ್ತೋ ಇಲ್ವೋ ಅನ್ನೋದನ್ನು ಗಾಳಿಯ ತೇವ ನಿರ್ಧಾರ ಮಾಡುತ್ತೆ.

ಇದನ್ನು ಅಳೆಯೋ ಸಾಧನ ಶಿಡ್ಲಘಟ್ಟದ ಕಡೆಯವರಿಗೆ ಹೊಸದಲ್ಲ. ರೇಷ್ಮೆ ಹುಳು ತನ್ನ ಮೈಯ ತಾಪವನ್ನು ತಾನೇ ಕಾಯ್ಕೊಳ್ಳೋ ಪ್ರಾಣಿ ಅಲ್ಲ. ದೊಡ್ಡ ಹುಳಕ್ಕೆ ಸುಮಾರು 25 ಡಿಗ್ರಿ, 70 ಶೇಕಡಾ ತೇವ ಬೇಕು. ಅದಕ್ಕೇ ಹುಳು ಸಾಕೋ ಮನೆಯಲ್ಲಿ ಎರಡು ಥರ್ಮಾಮೀಟರ್ ಜೋಡಿಸಿರೋ ಸಾಧನ ತೂಗುಹಾಕ್ತಾರೆ. ಒಂದರ ಬಲ್ಬ್ ಒಣಗಿರುತ್ತೆ, ಇನ್ನೊಂದಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತೆ. ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟೋದೂ ಇದೇ ಗುಪ್ತೋಷ್ಣದ ಕೆಲಸ, ಮನೆಗೆ ಬೆವರು ತರಿಸಿದ ಹಾಗೆ.

ಈ ಒದ್ದೆ ಬಲ್ಬ್ ತೋರಿಸೋದು ಏನು? ಬೆವರು ನಮ್ಮನ್ನು ಎಲ್ಲಿವರೆಗೆ ತಣ್ಣಗೆ ಮಾಡಬಲ್ಲದು ಅನ್ನೋ ಮಿತಿ. ಗೌರಿಬಿದನೂರಿನಲ್ಲಿ ಬೇಸಿಗೆಯ ಮಧ್ಯಾಹ್ನ 38 ಡಿಗ್ರಿ, ತೇವ 20 ಶೇಕಡಾ ಅಂದ್ಕೊಳ್ಳಿ. ಒದ್ದೆ ಬಲ್ಬ್ ಸುಮಾರು 21 ತೋರಿಸುತ್ತೆ. ಬಿಸಿಲು ಸುಡುತ್ತೆ, ಆದ್ರೆ ನೆರಳಲ್ಲಿ ನಿಂತು ನೀರು ಕುಡಿದ್ರೆ ಬೆವರು ಕೈ ಹಿಡಿಯುತ್ತೆ.

ಈಗ ಶಿಡ್ಲಘಟ್ಟದ ನೂಲು ಬಿಚ್ಚೋ ಶೆಡ್ ನೋಡಿ. ಗೂಡನ್ನು ಬಿಸಿನೀರಲ್ಲಿ ಬೇಯಿಸಿದ್ರೇನೇ ಎಳೆಗಳನ್ನು ಅಂಟಿಸಿರೋ ಸೆರಿಸಿನ್ ಅನ್ನೋ ಗೋಂದು ಮೆತ್ತಗಾಗೋದು. ಹಾಗಾಗಿ ಒಳಗೆ ಒಲೆ, ಕುದಿಯೋ ನೀರು, ಹಬೆ. ಅಲ್ಲಿ 34 ಡಿಗ್ರಿ, ತೇವ 85 ಶೇಕಡಾ ಅಂತ ಹಾಕಿದ್ರೆ ಒದ್ದೆ ಬಲ್ಬ್ ಸುಮಾರು 32. ನಮ್ಮ ಚರ್ಮದ ತಾಪವೇ ಸುಮಾರು 35. ನಡುವೆ ಉಳಿದಿದ್ದು ಮೂರೇ ಡಿಗ್ರಿ. ಒಣ ಥರ್ಮಾಮೀಟರ್ ನೋಡಿದ್ರೆ ಗೌರಿಬಿದನೂರೇ ಜಾಸ್ತಿ ಬಿಸಿ. ಆದ್ರೆ ಮೈಗೆ ಹೆಚ್ಚು ಅಪಾಯ ಈ ಶೆಡ್‌ನಲ್ಲಿ. ಒದ್ದೆ ಬಲ್ಬ್ 35 ಮುಟ್ಟಿದ್ರೆ ಆರೋಗ್ಯವಂತರೂ ಗಂಟೆಗಟ್ಟಲೆ ತಾಳೋಕೆ ಆಗಲ್ಲ. ಕೆಲಸ ಮಾಡೋರಿಗೆ ಅದಕ್ಕಿಂತ ಮೊದಲೇ ಕಷ್ಟ ಶುರು.

ನಾವೇನು ಮಾಡಬಹುದು?

ಹುಳದ ಮನೆಯಲ್ಲಿ ತೂಗೋ ಆ ಎರಡು ಬಲ್ಬಿನ ಸಾಧನ ಮನುಷ್ಯರು ಕೆಲಸ ಮಾಡೋ ಶೆಡ್‌ನಲ್ಲೂ ತೂಗಬೇಕು. ನಾನು ಹೇಳಬೇಕು ಅಂದ್ಕೊಂಡಿದ್ದು ಇಷ್ಟೇ. ಹಬೆ ತುಂಬಿದ ಜಾಗದಲ್ಲಿ ಬರೀ ಫ್ಯಾನ್ ಹಾಕಿದ್ರೆ ಅದೇ ತೇವದ ಗಾಳಿ ಸುತ್ತುತ್ತೆ. ಹಬೆಯನ್ನು ಹೊರಗೆ ಕಳಿಸೋ ಎಕ್ಸಾಸ್ಟ್ ಬೇಕು, ಒಲೆ ಮೇಲೆ ಚಿಮಣಿ ಬೇಕು, ನಡುನಡುವೆ ವಿರಾಮ ಬೇಕು. ಯಾವಾಗ ಬೇಕು ಅಂತ ಹೇಳೋಕೆ ಅಳತೆ ಬೇಕು. ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕ್ತಾ ಇರೋರು ಒಂದು ಡಿಎಚ್‌ಟಿ22 ಸೆನ್ಸರ್, ಒಂದು ಇಎಸ್‌ಪಿ32 ಬೋರ್ಡ್ ಹಿಡ್ಕೊಂಡು ಇದನ್ನೇ ಮಾಡಬಹುದಲ್ವಾ?

ಇನ್ನೊಂದು ಮಾತು, ಎಲ್ಲರಿಗೂ. ಬಿಸಿಲಲ್ಲೋ ಸೆಕೆಯಲ್ಲೋ ಯಾರಾದ್ರೂ ತಡಬಡಾಯಿಸಿ ಮಾತಾಡ್ತಾ, ಮೈ ಕೆಂಡದ ಹಾಗೆ ಸುಡ್ತಾ ಕುಸಿದ್ರೆ ಮೊದಲು 108ಕ್ಕೆ ಫೋನ್ ಮಾಡಿ. ನೆರಳಿಗೆ ಕರ್ಕೊಂಡು ಹೋಗಿ, ಬಟ್ಟೆ ಸಡಿಲ ಮಾಡಿ, ಮೈಮೇಲೆ ನೀರು ಹಾಕಿ ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ. ಅವರ ಬೆವರು ಮಾಡೋಕೆ ಆಗದ ಕೆಲಸವನ್ನು ಆಂಬುಲೆನ್ಸ್ ಬರೋವರೆಗೆ ನಿಮ್ಮ ಒಂದು ಬಕೆಟ್ ನೀರು ಮಾಡುತ್ತೆ.