ಬಿಸಿಲಿಗೊಂದು ಯೋಜನೆ: ಅಹಮದಾಬಾದ್ ಪಾಲಿಕೆ ಮಾಡಿದ್ದೇನು?

ನಗರಪಾಲಿಕೆ ಎಂದೊಡನೆ ನಮಗೆಲ್ಲ ನೆನಪಾಗುವುದು ನಲ್ಲಿ ನೀರು, ಚರಂಡಿ, ಬೀದಿದೀಪ, ಕಸದ ಲಾರಿ. ಹವಾಮಾನ ಬದಲಾವಣೆಯಂತಹ ಜಗದಗಲದ ಸಮಸ್ಯೆಗೂ ಅದಕ್ಕೂ ಏನು ಸಂಬಂಧ ಎಂದು ಮಕ್ಕಳು ಕೇಳಬಹುದು. ಉತ್ತರಕ್ಕಾಗಿ ಗುಜರಾತಿನ ಅಹಮದಾಬಾದಿನ ಕಥೆಯನ್ನು ನೋಡೋಣ.

2010ರ ಮೇ ತಿಂಗಳಲ್ಲಿ ಅಲ್ಲಿ ಉಷ್ಣಾಂಶ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ಊರಿನವರಿಗೆ ಬಿಸಿಲು ಹೊಸದೇನಲ್ಲ. ಆದರೆ ಸಂಶೋಧಕರು ಆಮೇಲೆ ಮರಣಗಳ ಲೆಕ್ಕ ತೆಗೆದಾಗ, ಆ ಒಂದೇ ತಿಂಗಳಲ್ಲಿ 4,462 ಜನ ತೀರಿಕೊಂಡಿದ್ದು ತಿಳಿಯಿತು. ಅದರ ಹಿಂದಿನ ಮತ್ತು ಮುಂದಿನ ವರ್ಷಗಳ ಮೇ ತಿಂಗಳ ಸರಾಸರಿಗಿಂತ ಇದು 1,344 ಹೆಚ್ಚು! ಹೀಗೆ ಸುತ್ತುಬಳಸಿ ಎಣಿಸಬೇಕೇಕೆ? ಬಿಸಿಲಿನಿಂದ ಸತ್ತವರ ದಾಖಲೆಯಲ್ಲಿ ‘ಬಿಸಿಲು’ ಎಂದು ಬರೆದಿರುವುದು ಅಪರೂಪ. ಹೃದಯಾಘಾತ ಎಂದೋ ಮೂತ್ರಪಿಂಡದ ತೊಂದರೆ ಎಂದೋ ಇರುತ್ತದೆ.

ನಮ್ಮ ಮೈಯ ಉಷ್ಣಾಂಶ ಸುಮಾರು 37 ಡಿಗ್ರಿ ಇರಬೇಕು. ಸೆಕೆಯಾದಾಗ ಹೃದಯವು ಚರ್ಮದ ಕಡೆಗೆ ಹೆಚ್ಚು ರಕ್ತ ಕಳಿಸುತ್ತದೆ, ಬೆವರು ಆರುತ್ತಾ ಮೈ ತಂಪಾಗುತ್ತದೆ. ನೀರು ಸಾಲದಿದ್ದರೆ, ಹೃದಯ ದುರ್ಬಲವಾಗಿದ್ದರೆ ಈ ವ್ಯವಸ್ಥೆ ಕೈಕೊಡುತ್ತದೆ. ಮೈಯೊಳಗಿನ ಉಷ್ಣಾಂಶ 40 ಡಿಗ್ರಿ ದಾಟಿ ಪ್ರಜ್ಞೆ ತಪ್ಪತೊಡಗಿದರೆ ಅದು ಶಾಖಾಘಾತ, ಪ್ರಾಣಕ್ಕೇ ಅಪಾಯ.

2013ರಲ್ಲಿ ಅಹಮದಾಬಾದ್ ಮಹಾನಗರ ಪಾಲಿಕೆಯು ವಿಜ್ಞಾನಿಗಳ ನೆರವಿನಿಂದ ಬಿಸಿಲಿಗೆಂದೇ ಒಂದು ಕಾರ್ಯಯೋಜನೆ ಜಾರಿಗೆ ತಂದಿತು. ದಕ್ಷಿಣ ಏಷ್ಯಾದಲ್ಲಿ ಇಂಥದ್ದು ಇದೇ ಮೊದಲು. ಮುನ್ಸೂಚನೆ 41 ಡಿಗ್ರಿ ದಾಟಿದರೆ ಹಳದಿ ಎಚ್ಚರಿಕೆ, 43 ದಾಟಿದರೆ ಕಿತ್ತಳೆ, 45 ಮುಟ್ಟಿದರೆ ಕೆಂಪು. ಎಚ್ಚರಿಕೆ ಬಂದೊಡನೆ ಊರಿನಲ್ಲಿ ಕುಡಿಯುವ ನೀರಿನ ವ್ಯವಸ್ಥೆ ಹೆಚ್ಚುತ್ತದೆ (ನಮ್ಮ ಅಜ್ಜಿಯರು ಇದನ್ನೇ ಅರವಟ್ಟಿಗೆ ಎನ್ನುತ್ತಿದ್ದರು), ಆಸ್ಪತ್ರೆಗಳು ಮಂಜುಗಡ್ಡೆ ಸಿದ್ಧವಿಟ್ಟುಕೊಳ್ಳುತ್ತವೆ, ಜನರ ಮೊಬೈಲಿಗೆ ಸಂದೇಶ ಹೋಗುತ್ತದೆ. ಇದರಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಕಿಲ್ಲ. ಯಾರು, ಯಾವಾಗ, ಏನು ಮಾಡಬೇಕೆಂದು ಮೊದಲೇ ನಿಗದಿಯಾಗಿರಬೇಕು, ಅಷ್ಟೆ.

ನಮಗೆ ಬಹಳ ಹಿಡಿಸಿದ್ದು ಒಂದು ಆಸ್ಪತ್ರೆಯ ವಿಷಯ. ಅಲ್ಲಿ ಹೆರಿಗೆ ವಾರ್ಡ್ ಮೇಲಿನ ಮಹಡಿಯಲ್ಲಿ, ಕಾದ ತಾರಸಿಯ ಕೆಳಗೇ ಇತ್ತು. 2010ರ ಬೇಸಿಗೆಯಲ್ಲಿ ಶಾಖದ ತೊಂದರೆಯಿಂದ 24 ನವಜಾತ ಶಿಶುಗಳು ತೀವ್ರ ನಿಗಾ ಘಟಕ ಸೇರಿದವು. ಹಸುಗೂಸಿಗೆ ಮೈಯ ಶಾಖವನ್ನು ಹದದಲ್ಲಿಟ್ಟುಕೊಳ್ಳುವ ಶಕ್ತಿ ಕಡಿಮೆ. ನೀರು ಬೇಕೆಂದು ಕೇಳಲೂ ಬಾರದು. ವಾರ್ಡನ್ನು ಕೆಳಗಿನ ಮಹಡಿಗೆ ಇಳಿಸಲಾಯಿತು. 2011ರ ಬೇಸಿಗೆಯಲ್ಲಿ ಅಂಥ ಶಿಶುಗಳ ಸಂಖ್ಯೆ 4. ಆ ವರ್ಷ ಬಿಸಿಲೂ ಕಡಿಮೆಯಿತ್ತು ನಿಜ. ಆದರೂ ಕೆಳಗೆ ಇಳಿಸಿದ್ದರಿಂದ ಅನುಕೂಲವಾಯಿತೆಂದೇ ವೈದ್ಯರು ಲೆಕ್ಕ ಹಾಕಿ ಕಂಡುಕೊಂಡರು.

2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ಯೋಜನೆ ಬಂದ ನಂತರ 2014 ಮತ್ತು 2015ರಲ್ಲಿ ವರ್ಷಕ್ಕೆ ಸರಾಸರಿ 1,190 ಸಾವುಗಳು ತಪ್ಪಿದವು.

ನಾವಿರುವ ಮಸ್ಕತ್ತಿನಲ್ಲಿ ಸಮುದ್ರದ ತೇವವೂ ಸೇರುವುದರಿಂದ ಬೆವರು ಬೇಗ ಆರುವುದಿಲ್ಲ. ಹಾಗಾಗಿ ಉಷ್ಣಾಂಶ 40 ಮುಟ್ಟದ ದಿನವೂ ಮೈ ಬಳಲುತ್ತದೆ. ಒಮಾನಿನ ಕಾನೂನಿನಂತೆ ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಬಸ್ಸಿನಲ್ಲಿ ಮನೆಗೆ ಹೋಗುವಾಗ ಕಟ್ಟಡದ ನೆರಳಿನಲ್ಲಿ ಮಲಗಿರುವ ಕಾರ್ಮಿಕರನ್ನು ಕಂಡರೆ, ಅವರು ಸೋಮಾರಿಗಳೆಂದು ತಿಳಿಯಬೇಡಿ.

2017ರಿಂದ ಅಹಮದಾಬಾದಿನ ಬಡವರ ಮನೆಗಳ ಮಾಡಿಗೆ ಬಿಳಿ ಸುಣ್ಣ ಬಳಿಯುವ ಕೆಲಸವೂ ಶುರುವಾಯಿತು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಮಕ್ಕಳೇ, ಇದನ್ನು ನೀವೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ರಟ್ಟಿನ ಡಬ್ಬಿ ತೆಗೆದುಕೊಂಡು ಒಂದರ ಮುಚ್ಚಳಕ್ಕೆ ಬಿಳಿ, ಇನ್ನೊಂದಕ್ಕೆ ಕಪ್ಪು ಬಣ್ಣ ಬಳಿಯಿರಿ. ಒಳಗೆ ಒಂದೊಂದು ಥರ್ಮಾಮೀಟರ್ ಇಟ್ಟು ಬೆಳಿಗ್ಗೆ 9ರಿಂದ 10ರವರೆಗೆ ಬಿಸಿಲಿನಲ್ಲಿಡಿ. ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದು 42ರ ಮೇಲೆ ತೋರಿಸದು. ಎರಡೂ ಅಂಕಿಗಳನ್ನು ಬರೆದುಕೊಂಡು ತರಗತಿಗೆ ತನ್ನಿ.