ಸಾಮಾಜಿಕ ಲೆಕ್ಕಪರಿಶೋಧನೆ: ಅನಂತಪುರದಿಂದ ನೆನಪಿಡಬೇಕಾದದ್ದು

ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ 2006ರ ಫೆಬ್ರುವರಿ 2ರಂದು ಉದ್ಯೋಗ ಖಾತ್ರಿ ಯೋಜನೆಗೆ ಚಾಲನೆ ಸಿಕ್ಕಿತು. 2005ರ ಉದ್ಯೋಗ ಖಾತ್ರಿ ಕಾಯ್ದೆಯ 17ನೇ ಕಲಂ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ಗ್ರಾಮಸಭೆಗೆ ಒಪ್ಪಿಸಿತು. ಹಾಜರಿ ಪಟ್ಟಿಯ ಹೆಸರು, ದಿನ, ಕೂಲಿಯನ್ನು ಊರವರೆದುರು ಗಟ್ಟಿಯಾಗಿ ಓದಿ, ಜಾಬ್ ಕಾರ್ಡಿನೊಂದಿಗೆ ತಾಳೆ ನೋಡುವುದು ಇದರ ಕ್ರಮ. ಲೆಕ್ಕ ಕೇಳುವ ಹಕ್ಕು ಕೂಲಿಕಾರರಿಗೇ ಸಿಕ್ಕಿದ್ದು ದೊಡ್ಡ ಗೆಲುವು. 2009ರಲ್ಲಿ ಆಂಧ್ರಪ್ರದೇಶ ಇದಕ್ಕೆಂದೇ ಪ್ರತ್ಯೇಕ ಸೊಸೈಟಿ ರಚಿಸಿತು.

ಆಂಧ್ರದ 300 ಪಂಚಾಯಿತಿಗಳ 2006–10ರ ಪರಿಶೋಧನಾ ವರದಿಗಳನ್ನು ಫರ್ಜಾನಾ ಅಫ್ರಿದಿ ಮತ್ತು ವೆಗಾರ್ಡ್ ಐವರ್ಸನ್ ಅಧ್ಯಯನ ಮಾಡಿದರು. ಒಟ್ಟು ಅಕ್ರಮ ಇಳಿದಿರಲಿಲ್ಲ; ಪತ್ತೆ ಕಷ್ಟವಾದ ಸಾಮಗ್ರಿ ಖರ್ಚಿನತ್ತ ಅದು ವಾಲಿತ್ತು.